‘ಸವದತ್ತಿ’ ಏಕೆ ‘ಸವದತಿತ’ ಆಗುತ್ತದೆ: ಕನ್ನಡ ಓದು ಕಲಿಯುವ ಮಗುವಿನ ಮೊದಲ ನಾಲ್ಕು ವರ್ಷ

ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಮೂರನೆಯ ಅಥವಾ ನಾಲ್ಕನೆಯ ತರಗತಿಯ ಮಗುವೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಂದು ನಿಲ್ಲುವ ಬಸ್ಸುಗಳ ಫಲಕಗಳನ್ನು ಓದಲು ಹೇಳಿದರೆ, ಆ ಮಗುವಿನ ಓದು ಎಲ್ಲಿಯವರೆಗೆ ಬಂದಿದೆ ಎಂಬುದು ಅಂಕಪಟ್ಟಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. ‘ಗೋಕಾಕ’, ‘ರಾಯಬಾಗ’, ‘ಬಾದಾಮಿ’ ಬಂದಾಗ ಮಗು ಸಲೀಸಾಗಿ ಓದುತ್ತದೆ. ‘ಹುನಗುಂದ’ ಬಂದಾಗ ಸೊನ್ನೆಯ ಹತ್ತಿರ ಒಂದು ಕ್ಷಣ ತಡೆಯುತ್ತದೆ. ‘ಸವದತ್ತಿ’ ಬಂದಾಗ ‘ಸ, ವ, ದ, ತಿ, ತ’ ಎಂದು ಬಿಡಿಬಿಡಿಯಾಗಿ ಹೇಳಿ, ‘ಸವದತಿತ’ ಎಂದು ಕೂಡಿಸಿ, ಅಂಥ ಊರು ಎಲ್ಲಿಯೂ ಇಲ್ಲವಲ್ಲ ಎಂಬಂತೆ ನಮ್ಮ ಮುಖ ನೋಡುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಮಗುವಾಗಿದ್ದರೆ ಮರುಕ್ಷಣವೇ ತಾನಾಗಿ ತಿದ್ದಿಕೊಂಡು ‘ಸವದತ್ತಿ’ ಎನ್ನುತ್ತದೆ; ಆ ಹೆಸರನ್ನೇ ಕೇಳದ ಮಗು ‘ಸವದತಿತ’ದಲ್ಲಿಯೇ ಉಳಿಯುತ್ತದೆ.

ಇದೇ ಮಗುವಿನ ನೋಟ್‌ಬುಕ್ ತೆರೆದರೆ ಪುಟಪುಟವೂ ದುಂಡಾದ ಅಕ್ಷರಗಳಲ್ಲಿ ತುಂಬಿರುವುದು ಅಪರೂಪವಲ್ಲ. ಪಾಲಕರ ಸಭೆಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತೂ ಇದೇ: ‘ಬರಿಯಾಕ ಚೊಲೋ ಬರೀತಾನ್ರಿ ಅಕ್ಕೋರ, ಓದಾಕ ಮಾತ್ರ ಬರವಲ್ದು.’ ಬರೆಯಲು ಬಂದ ಮೇಲೆ ಓದಲು ಬರದೆ ಇರುವುದು ಹೇಗೆ ಎಂಬ ಅವರ ಗೊಂದಲ ಸಹಜವಾದುದು. ಉತ್ತರ ಇಷ್ಟೇ: ಹಲಗೆಯ ಮೇಲಿನದನ್ನು ನೋಡಿ ಬರೆಯುವುದು ಬರವಣಿಗೆಯಲ್ಲ, ಅದು ಚಿತ್ರ ಬಿಡಿಸುವುದಕ್ಕೆ ಹತ್ತಿರವಾದ ಕೆಲಸ. ರಂಗೋಲಿಯ ಎಳೆಗಳನ್ನು ತಪ್ಪಿಲ್ಲದೆ ನಕಲು ಮಾಡಬಲ್ಲ ಮಗುವಿಗೆ ‘ಕ್ಷ’ವನ್ನು ನಕಲು ಮಾಡುವುದೂ ಕಷ್ಟವಾಗುವುದಿಲ್ಲ, ಕಣ್ಣು ಮತ್ತು ಕೈ ಕೂಡಿದರೆ ಸಾಕು, ಬಾಯಿ ಮತ್ತು ಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಓದು ಎಂಬುದು ಆಕಾರವನ್ನು ಧ್ವನಿಯನ್ನಾಗಿ, ಧ್ವನಿಯನ್ನು ಅರ್ಥವನ್ನಾಗಿ ಬದಲಿಸುವ ಕೆಲಸ.

ಕನ್ನಡದಲ್ಲಿ ಈ ಕೆಲಸ ಎಷ್ಟು ದೊಡ್ಡದು ಎಂಬುದನ್ನು, ಓದಲು ಕಲಿತು ಹತ್ತಾರು ವರ್ಷಗಳಾದ ನಾವು ಸಂಪೂರ್ಣವಾಗಿ ಮರೆತಿರುತ್ತೇವೆ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಮಗು ಪುಟದ ಮೇಲೆ ನಿಜವಾಗಿ ಕಾಣುವುದು ಈ 49ನ್ನು ಮಾತ್ರವಲ್ಲ. ಪ್ರತಿ ವ್ಯಂಜನವೂ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಒತ್ವ ಮೊದಲಾದ ಚಿಹ್ನೆಗಳನ್ನು ತೊಟ್ಟು 13 ರೂಪಗಳಲ್ಲಿ ಬರುತ್ತದೆ; ಅನುಸ್ವಾರ ವಿಸರ್ಗಗಳನ್ನು ಬಿಟ್ಟರೂ ಗುಣಿತಾಕ್ಷರಗಳೇ 442 ಆಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷ್ ಕಲಿಯುವ ಮಗು 26 ಅಕ್ಷರಗಳ ದೊಡ್ಡ ಮತ್ತು ಸಣ್ಣ ರೂಪಗಳನ್ನು ಒಂದೆರಡು ವರ್ಷದಲ್ಲಿ ಗುರುತಿಸಿ ಮುಗಿಸಬಹುದು, ಅದರ ಸಂಕಟ ಅಲ್ಲಿಂದ ಮುಂದೆ ಸ್ಪೆಲ್ಲಿಂಗಿನಲ್ಲಿ ಶುರುವಾಗುತ್ತದೆ. ಕನ್ನಡದ ಮಗುವಿನ ಲೆಕ್ಕ ತಿರುಗುಮುರುಗು: ಬರೆದದ್ದನ್ನು ಬರೆದಂತೆಯೇ ಓದಬಹುದೆಂಬ ಸುಖ ಇದೆ, ಆದರೆ ಆ ಸುಖದ ಬಾಗಿಲು ತಲುಪುವ ಮೆಟ್ಟಿಲುಗಳು ಹೆಚ್ಚು. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ. ಅಕ್ಷರಗಳ ಕಲಿಕೆ ಮೊದಲ ತರಗತಿಯಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದನ್ನು ‘ದಡ್ಡ’ ಎನ್ನುವುದು, ಎರಡೆಲೆ ಬಿಟ್ಟ ಜೋಳದ ಪೈರಿಗೆ ತೆನೆ ಎಲ್ಲಿ ಎಂದು ಕೇಳಿದಂತೆ.

ಈಗ ‘ಸವದತಿತ’ಕ್ಕೆ ಬರೋಣ. ‘ತ್ತಿ’ಯನ್ನು ಬರೆಯುವಾಗ ಗುಡಿಸು ಮೇಲಿನ ‘ತ’ಕಾರಕ್ಕೆ ಅಂಟಿರುತ್ತದೆ, ಆದರೆ ಆ ‘ಇ’ ಧ್ವನಿ ಹೊರಡುವುದು ಕೆಳಗಿನ ಒತ್ತಿನ ನಂತರ. ಕಣ್ಣು ಮೊದಲು ಕಾಣುವುದು ‘ತಿ’, ಅದರ ಬುಡದಲ್ಲಿ ಒಂದು ಸಣ್ಣ ‘ತ’. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದರೆ ‘ತಿತ’ವೇ ಆಗಬೇಕು. ‘ಅಕ್ಕಿ’ಯನ್ನು ‘ಅಕಿಕ’ ಎಂದು ಓದುವುದೂ, ‘ಹುಬ್ಬು’ ಓದುವಾಗ ‘ಹುಬುಬ’ ಎನ್ನುವುದೂ ಇದೇ ಕಾರಣಕ್ಕೆ. ಇಲ್ಲಿಯವರೆಗೆ ‘ಎಡದಿಂದ ಬಲಕ್ಕೆ ಕಂಡಂತೆ ಓದು’ ಎಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಮಗುವಿಗೆ, ಇಲ್ಲಿ ಮಾತ್ರ ಮೇಲಿನದರ ಸ್ವರವನ್ನು ಬಿಚ್ಚಿಟ್ಟು, ಕೆಳಗಿನದನ್ನು ಮೊದಲು ಸೇರಿಸಿ, ಆಮೇಲೆ ಸ್ವರ ತೊಡಿಸು ಎಂಬ ಹೊಸ ನಿಯಮ ಬೇಕು. ಈ ತಪ್ಪು ಮಾಡುವ ಮಗು ‘ತ’ವನ್ನೂ ಗುಡಿಸನ್ನೂ ಒತ್ತಕ್ಷರದ ಆಕಾರವನ್ನೂ ಕಲಿತುಬಿಟ್ಟಿದೆ, ಉಳಿದಿರುವುದು ಕ್ರಮ ಒಂದೇ. ಅದಕ್ಕೆ ಮತ್ತೆ ‘ಅ ಆ ಇ ಈ’ಯಿಂದ ಬರೆಸುವ ಶಿಕ್ಷಕರು ಅದು ದಾಟಿ ಬಂದ ಹಳ್ಳಕ್ಕೇ ಅದನ್ನು ಮರಳಿ ಇಳಿಸಿದಂತಾಗುತ್ತದೆ.

ಇಂಥ ಗಂಟುಗಳು ಇನ್ನೂ ಇವೆ. ಕ, ಗ, ದ ಮುಂತಾದವುಗಳ ಒತ್ತು ತಲೆಕಟ್ಟಿಲ್ಲದ ಮೂಲ ಅಕ್ಷರದಂತೆಯೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲವಾದ್ದರಿಂದ ಬೇರೆಯೇ ಚಿತ್ರವಾಗಿ ಕಲಿಯಬೇಕು. ಕೊಂಬು ಉಳಿದ ಕಡೆ ಬಲಬದಿಗೆ ಬಂದರೆ, ‘ಪು’, ‘ವು’ಗಳಲ್ಲಿ ಕೆಳಗೆ ಇಳಿಯುತ್ತದೆ. ಅರ್ಕಾವೊತ್ತಿನದಂತೂ ಇನ್ನೊಂದೇ ಆಟ: ‘ಮಾರ್ಗ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ‘ರ್’ ಬರಹದಲ್ಲಿ ‘ಗ’ದ ನಂತರ ಕುಳಿತಿರುತ್ತದೆ. ಬಸ್ಸಿನ ಫಲಕದ ಮೇಲೆ ‘ಮಾರ್ಗ’ ಎಂದಿರುವುದನ್ನು ‘ಮಾಗರ’ ಎಂದು ಓದಿದ ಮಗುವಿನ ತಲೆಯಲ್ಲಿ ಏನು ನಡೆಯಿತು ಎಂಬುದು ಈಗ ಓದುಗರಿಗೆ ಹೊಳೆದಿರಬಹುದು.

ಇಷ್ಟೆಲ್ಲ ಇರುವಾಗ ಮೊದಲ ಪಾಠವನ್ನು ಎಲ್ಲಿಂದ ಆರಂಭಿಸಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ವರ್ಣಮಾಲೆಯ ಕ್ರಮ ಬಹಳ ಶಾಸ್ತ್ರೀಯವಾದುದು; ಕವರ್ಗ ಗಂಟಲಿನಲ್ಲಿ ಹುಟ್ಟಿ, ಪವರ್ಗ ತುಟಿಗೆ ಬಂದು ಮುಗಿಯುವ ಆ ಜೋಡಣೆ ಧ್ವನಿಶಾಸ್ತ್ರದ ದೃಷ್ಟಿಯಿಂದ ಬೆರಗು ಹುಟ್ಟಿಸುತ್ತದೆ. ಆದರೆ ಧ್ವನಿಗಳನ್ನು ವರ್ಗೀಕರಿಸುವ ಕ್ರಮವೇ ಅವುಗಳನ್ನು ಕಲಿಸುವ ಕ್ರಮವೂ ಆಗಬೇಕಾಗಿಲ್ಲ. ‘ಅ ಆ ಇ ಈ’ ಎಂದು ತಿಂಗಳುಗಟ್ಟಲೆ ಪಾಟಿಯ ಮೇಲೆ ತೀಡಿದ ಮಗುವಿಗೆ, ಅಷ್ಟು ಅಕ್ಷರ ಬಂದರೂ ಅವುಗಳಿಂದ ಓದಲು ಒಂದು ಒಳ್ಳೆಯ ಪದವೂ ಸಿಗುವುದಿಲ್ಲ. ಸರಕಾರಿ ಶಾಲೆಗಳ ಮೊದಲ ಮೂರು ತರಗತಿಗಳ ‘ನಲಿ-ಕಲಿ’ ಪದ್ಧತಿ ಈ ಕ್ರಮವನ್ನು ಮುರಿದು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಬರೆಯಲು ಸುಲಭವಾದ, ಪದಗಳಲ್ಲಿ ಪದೇ ಪದೇ ಬರುವ ಈ ಐದರಿಂದಲೇ ‘ಸರ’, ‘ರಸ’, ‘ದರ’, ‘ಅರಸ’, ‘ಅಗಸ’, ‘ಗರಗಸ’ ಎಂಬ ಪದಗಳು ಕೂಡಿಬರುತ್ತವೆ. ಮುಂದಿನ ಗುಂಪು ‘ಜ ವ ಮ ಬ ನ’ ಸೇರಿದೊಡನೆ ‘ಜನ’, ‘ಮರ’, ‘ನಗರ’, ‘ಅವಸರ’ಗಳ ಜೊತೆಗೆ ‘ಬಸವ’ ಎಂಬ ಹೆಸರೂ ಓದಲು ಸಿಗುತ್ತದೆ; ನಮ್ಮ ಕಡೆಯ ಯಾವ ತರಗತಿಯಲ್ಲಿಯೂ ಆ ಹೆಸರಿನವರು ಒಬ್ಬಿಬ್ಬರಾದರೂ ಇರುವುದರಿಂದ ಆ ದಿನದ ಗದ್ದಲವನ್ನು ಬೇರೆ ಹೇಳಬೇಕಾಗಿಲ್ಲ. ‘ಇದೇನು, ನಿಮ್ಮ ಸಾಲ್ಯಾಗ ಅ ಆ ಬಿಟ್ಟು ರಗಸ ಕಲಿಸ್ತಾರ’ ಎಂದು ನಗುವ ಅಜ್ಜಂದಿರು ಈಗಲೂ ಇದ್ದಾರೆ. ವರ್ಣಮಾಲೆಯ ಕ್ರಮ ಮಗುವಿಗೆ ನಿಘಂಟು ನೋಡುವ ಕಾಲಕ್ಕೆ ಬೇಕಾಗುತ್ತದೆ, ಆಗ ಕಲಿತರಾಯಿತು.

ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಅದಕ್ಕೆ ಮೇಲ್ಪಂಕ್ತಿಯಾದದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಅದರ ಕೊಠಡಿಗೆ ಮೊದಲ ಸಲ ಕಾಲಿಟ್ಟ ಪಾಲಕರಿಗೆ ಅದು ಶಾಲೆಯಂತೆ ಕಾಣುವುದೇ ಇಲ್ಲ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತಾರೆ. ತಲೆಯ ಮೇಲೆ ದಾರಗಳ ಚಪ್ಪರದಲ್ಲಿ ಅವರೇ ಮಾಡಿದ ಚಿತ್ರಗಳು ತೂಗಾಡುತ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಬಳಿದಿರುತ್ತದೆ. ಎಲ್ಲರೂ ಏನನ್ನೋ ಮಾತನಾಡುತ್ತಿರುತ್ತಾರೆ. ಶಿಕ್ಷಕಿ ಒಂದು ಗುಂಪಿನ ನಡುವೆ ನೆಲದ ಮೇಲೆ ಕುಳಿತಿರುವುದರಿಂದ ಬಾಗಿಲಲ್ಲಿ ನಿಂತವರಿಗೆ ಅವರು ಕಾಣುವುದೂ ತಡವಾಗಿಯೇ.

ಈ ಗದ್ದಲದ ಹಿಂದೆ ಒಂದು ಲೆಕ್ಕಾಚಾರ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐವತ್ತು ಮಕ್ಕಳಿದ್ದರೆ ಐದು ತರಗತಿಗಳನ್ನು ಇಬ್ಬರೇ ಹಂಚಿಕೊಳ್ಳಬೇಕು. ಸಾಂಪ್ರದಾಯಿಕ ಪದ್ಧತಿಯಲ್ಲಿ ಮೂರು ತರಗತಿ ಹೊತ್ತ ಶಿಕ್ಷಕಿ ಒಂದು ತರಗತಿಗೆ ಪಾಠ ಹೇಳುವಾಗ ಉಳಿದೆರಡನ್ನು ಸುಮ್ಮನಿರಿಸಬೇಕಾಗುತ್ತದೆ, ಸುಮ್ಮನಿರಿಸಲು ಇರುವ ಏಕೈಕ ಸಾಧನ ‘ಹಲಗಿ ನೋಡಿ ಬರೀರಿ’ ಎಂಬ ಆಜ್ಞೆ. ನಕಲು ಬರಹ ನಮ್ಮ ಶಾಲೆಗಳಲ್ಲಿ ಬೇರೂರಿದ್ದು ಯಾರದೋ ಸೋಮಾರಿತನದಿಂದಲ್ಲ, ಈ ಅನಿವಾರ್ಯದಿಂದ. ಅದಕ್ಕೆ ಶಬ್ದವಿಲ್ಲ, ಅದು ಪುಟ ತುಂಬಿಸುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಲು ಬರುತ್ತದೆ, ಮನೆಯವರಿಗೂ ಸಮಾಧಾನ ಕೊಡುತ್ತದೆ. ಮಗುವಿಗೆ ಓದಲು ಬರುವುದಿಲ್ಲ ಎಂಬ ಒಂದು ಸಂಗತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ತೋರಿಸುತ್ತದೆ.

ನಲಿ-ಕಲಿ ಈ ಕಾಲವನ್ನು ಬೇರೆ ರೀತಿಯಲ್ಲಿ ಹಂಚುತ್ತದೆ. ಮಕ್ಕಳು ತರಗತಿಯ ಪ್ರಕಾರ ಕೂರುವುದಿಲ್ಲ. ಕೈಯಲ್ಲಿರುವ ಕಲಿಕೆಯ ಕಾರ್ಡಿನ ಕೆಲಸಕ್ಕೆ ಎಷ್ಟು ನೆರವು ಬೇಕು ಎಂಬುದರ ಪ್ರಕಾರ ಐದು ಗುಂಪುಗಳಲ್ಲಿ ಕೂರುತ್ತಾರೆ. ಹೊಸ ಅಕ್ಷರ ಕಲಿಯುವವರು ಶಿಕ್ಷಕರ ಸಂಪೂರ್ಣ ಬೆಂಬಲದ ಗುಂಪಿನಲ್ಲಿ, ಅದನ್ನು ಅಭ್ಯಾಸ ಮಾಡುವವರು ಭಾಗಶಃ ಬೆಂಬಲದ ಗುಂಪಿನಲ್ಲಿ, ಮುಂದಿನವರು ಸಹಪಾಠಿಗಳ ಸಂಪೂರ್ಣ ಅಥವಾ ಭಾಗಶಃ ಬೆಂಬಲದ ಗುಂಪುಗಳಲ್ಲಿ, ಕೊನೆಯವರು ಸ್ವಕಲಿಕೆಯ ಗುಂಪಿನಲ್ಲಿ. ಕಲಿಕೆಯ ಹಂತಗಳನ್ನು ಮೆಟ್ಟಿಲುಮೆಟ್ಟಿಲಾಗಿ ತೋರಿಸುವ ‘ಕಲಿಕಾ ಏಣಿ’ ಎಂಬ ಪಟದ ಮೇಲೆ ತನ್ನ ಮೆಟ್ಟಿಲಿನ ಲೋಗೋ, ಅಂದರೆ ಗುರುತಿನ ಚಿತ್ರ, ಯಾವುದು ಎಂದು ನೋಡಿ ಮಗು ತಾನೇ ಕಾರ್ಡ್ ಆರಿಸಿ ತರುತ್ತದೆ. ಹೀಗಾಗಿ ಯಾವುದೇ ಹೊತ್ತಿನಲ್ಲಿ ಶಿಕ್ಷಕಿಗೆ ಪೂರ್ತಿ ಗಮನ ಕೊಡಬೇಕಾದ ಮಕ್ಕಳು ಆರೇಳು ಮಂದಿ ಮಾತ್ರ ಇರುತ್ತಾರೆ, ಮತ್ತು ‘ಸವದತಿತ’ ಎಂಬ ತಪ್ಪು ಅವರ ಕಿವಿಗೆ ಬೀಳುವ ಸಾಧ್ಯತೆ ಇರುವುದು ಅಂಥ ಗುಂಪಿನಲ್ಲಿಯೇ. ನಲವತ್ತು ಮಕ್ಕಳು ಒಟ್ಟಿಗೆ ರಾಗವಾಗಿ ಗಟ್ಟಿ ಓದು ಓದುವಾಗ ಹತ್ತು ಮಕ್ಕಳು ಬರೀ ತುಟಿ ಆಡಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ.

ವಿಜಯಪುರ ಜಿಲ್ಲೆಯ ತಾಂಡಾಗಳ ಶಾಲೆಗಳಿಗೆ ಈ ಏಣಿಯಿಂದ ಇನ್ನೊಂದು ಪ್ರಯೋಜನ ಇದೆ. ಸುಗ್ಗಿ ಮುಗಿದ ಮೇಲೆ, ಕೆಲವು ಕುಟುಂಬಗಳು ದೀಪಾವಳಿಯ ಹೊತ್ತಿಗೇ, ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೂ ಕಟ್ಟಡದ ಕೆಲಸಕ್ಕೆ ಗೋವೆಗೂ ದುಡಿಯಲು ಹೊರಡುತ್ತವೆ. ಮಕ್ಕಳು ಅಜ್ಜಿಯ ಬಳಿ ಉಳಿಯದಿದ್ದರೆ ಅವರೂ ಹೋಗುತ್ತಾರೆ. ಮೂರು ತಿಂಗಳ ನಂತರ ಮರಳಿ ಬಂದ ಮಗುವಿಗೆ ಪಠ್ಯಪುಸ್ತಕದ ಪದ್ಧತಿಯಲ್ಲಿ ‘ನಾವು ಹನ್ನೆರಡನೆಯ ಪಾಠದಲ್ಲಿದ್ದೇವೆ, ಕೂತುಕೋ’ ಎನ್ನಬೇಕಾಗುತ್ತದೆ. ಏಣಿಯ ಪದ್ಧತಿಯಲ್ಲಿ ಅದು ಬಿಟ್ಟು ಹೋದ ಮೆಟ್ಟಿಲು ಅಲ್ಲಿಯೇ ಇರುತ್ತದೆ.

ಪದ್ಧತಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಎಲ್ಲ ಕೊಠಡಿಗಳಲ್ಲಿಯೂ ಅದು ಹೀಗೆಯೇ ನಡೆಯುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾರ್ಡುಗಳು ಹರಿದು ಕಳೆದುಹೋದ ಶಾಲೆಗಳಲ್ಲಿ ನಾನೂ ಕೆಲಸ ಮಾಡಿದ್ದೇನೆ. ಆಗ ಏಣಿಯ ನಡುವಿನ ಮೆಟ್ಟಿಲುಗಳೇ ಇರುವುದಿಲ್ಲ. ಒಬ್ಬರೇ ಶಿಕ್ಷಕಿ ಇರುವ ದಿನ, ಇನ್ನೊಬ್ಬರು ಸಭೆಗೋ ಚುನಾವಣೆ ಕೆಲಸಕ್ಕೋ ಹೋದ ದಿನ, ಐದು ಗುಂಪುಗಳ ವ್ಯವಸ್ಥೆ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಪ್ರತಿ ಮಗುವಿನ ಪ್ರಗತಿಯನ್ನು ದಾಖಲಿಸುವ ಹಾಳೆಗಳು ಒಳ್ಳೆಯ ಉದ್ದೇಶದವು, ಆದರೆ ದಾಖಲೆ ತುಂಬುವ ಹೊತ್ತಿನಲ್ಲಿ ಮಗುವಿನ ಓದನ್ನು ಕೇಳಲಾಗದೆ ಹೋದರೆ ಅದು ನೋಟ್‌ಬುಕ್ ತುಂಬಿಸುವ ಹಳೆಯ ರೋಗವೇ ಶಿಕ್ಷಕರಿಗೆ ಅಂಟಿದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಡು ಮುಗಿಸುವುದೇ ಗುರಿಯಾದಾಗ ಬಿಡಿ ಅಕ್ಷರ, ಬಿಡಿ ಪದಗಳಲ್ಲಿಯೇ ಕಾಲ ಕಳೆದು, ಕಥೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಥವಾ ಕೇಳುವ ಸಂದರ್ಭ ಮಗುವಿಗೆ ಬರುವುದೇ ಇಲ್ಲ. ಇದು ನನ್ನ ದೊಡ್ಡ ತಕರಾರು.

ಕಥೆ ಏಕೆ ಬೇಕು ಎಂಬುದಕ್ಕೆ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ. ಓದಿ ತಿಳಿಯುವ ಶಕ್ತಿ ಎಂಬುದು ಎರಡು ಶಕ್ತಿಗಳ ಗುಣಲಬ್ಧ: ಒಂದು, ಅಕ್ಷರವನ್ನು ಧ್ವನಿಯಾಗಿ ಬಿಡಿಸುವ ಶಕ್ತಿ; ಇನ್ನೊಂದು, ಆ ಭಾಷೆಯನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ. ಕೂಡುವ ಲೆಕ್ಕವಾಗಿದ್ದರೆ ಒಂದು ಕಡಿಮೆಯಾದರೂ ಇನ್ನೊಂದು ಕೈಹಿಡಿಯುತ್ತಿತ್ತು. ಗುಣಿಸುವ ಲೆಕ್ಕವಾದ್ದರಿಂದ ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಉತ್ತರ ಸೊನ್ನೆ. ಎಲ್ಲಮ್ಮನ ಗುಡ್ಡ ಕಂಡ ಮಗು ‘ಸವದತಿತ’ವನ್ನು ತಿದ್ದಿಕೊಂಡದ್ದು ಎರಡನೆಯ ಶಕ್ತಿಯ ಬಲದಿಂದ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ಮರಾಠಿ ಮಾತನಾಡುವ ಮಗು ಕನ್ನಡದ ಅಕ್ಷರಗಳನ್ನೆಲ್ಲ ಕಲಿತು, ಒಂದು ಪುಟವನ್ನು ತಡವರಿಸದೆ ಓದಿ, ಕೊನೆಗೆ ‘ಏನು ಓದಿದೆ?’ ಎಂದರೆ ಸುಮ್ಮನಾಗುವುದು ಎರಡನೆಯ ಶಕ್ತಿಯ ಕೊರತೆಯಿಂದ. ಅಂಥ ಮಗುವಿಗೆ ಇನ್ನಷ್ಟು ಕಾಗುಣಿತ ಬರೆಸಿದರೆ ಏನೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಮಾತು, ಹಾಡು, ಕಥೆ, ಅಂಗಳದ ಆಟದ ಕನ್ನಡ. ಜೊತೆಗೆ ತನ್ನ ಮನೆಮಾತಿನಲ್ಲಿ ಉತ್ತರಿಸಲು ಕೊಡುವ ಅವಕಾಶ.

ಮನೆಮಾತು ಕನ್ನಡವೇ ಆಗಿರುವ ನಮ್ಮ ಮಕ್ಕಳಿಗೂ ಪುಸ್ತಕದ ಕನ್ನಡ ಪೂರ್ತಿ ಪರಿಚಿತವಲ್ಲ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಪಾಠ ಬರೆಯುವವರು ಬೇಗ ಮರೆಯುತ್ತಾರೆ. ಪುಸ್ತಕದಲ್ಲಿ ಈರುಳ್ಳಿಯ ಚಿತ್ರ, ಕೆಳಗೆ ‘ಈರುಳ್ಳಿ’ ಎಂಬ ಪದ. ಮಗು ಬೆರಳಿಟ್ಟು ‘ಉಳ್ಳಾಗಡ್ಡಿ’ ಎಂದು ಓದುತ್ತದೆ. ಕಡಲೆಕಾಯಿಗೆ ‘ಶೇಂಗಾ’, ತರಕಾರಿಗೆ ‘ಕಾಯಿಪಲ್ಲೆ’, ಆಲೂಗಡ್ಡೆಗೆ ‘ಬಟಾಟಿ’, ಗಂಟೆಗೆ ‘ತಾಸು’. ಚಿತ್ರವನ್ನು ಕೈಯಿಂದ ಮುಚ್ಚಿ ಕೇಳಿದಾಗ ಮಾತ್ರ ಅದು ಅಕ್ಷರ ಓದುತ್ತಿತ್ತೋ ಚಿತ್ರ ಓದುತ್ತಿತ್ತೋ ಎಂಬುದು ತಿಳಿಯುತ್ತದೆ. ಇನ್ನೂ ಸೂಕ್ಷ್ಮವಾದದ್ದು ಪದಗಳ ಕೊನೆಯ ‘ಎ’ಕಾರ. ನಮ್ಮ ಆಡುಮಾತಿನಲ್ಲಿ ಅದು ‘ಇ’ಕಾರವಾಗುತ್ತದೆ: ಮನೆ ‘ಮನಿ’, ಆನೆ ‘ಆನಿ’, ತಲೆ ‘ತಲಿ’, ಶಾಲೆ ‘ಸಾಲಿ’. ಉಕ್ತಲೇಖನದಲ್ಲಿ ‘ಮನಿ’ ಎಂದು ಬರೆದ ಮಗು ತನ್ನ ಬಾಯಿಯ ಧ್ವನಿಯನ್ನು ಕಿವಿಯಿಂದ ಹಿಡಿದು, ಸರಿಯಾದ ಗುಡಿಸಿನಿಂದ ಬರೆದಿದೆ. ಓದು-ಬರಹದ ತತ್ತ್ವ ಅದಕ್ಕೆ ಸಂಪೂರ್ಣ ಅರ್ಥವಾಗಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಅಲ್ಲಿ ಕೆಂಪು ಗೆರೆ ಎಳೆಯುವುದಕ್ಕಿಂತ ‘ಮಾತನಾಡುವಾಗ ಮನಿ, ಬರೆಯುವಾಗ ಮನೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸುವುದು ಮೇಲು. ಕೆಲವೊಮ್ಮೆ ಈ ವ್ಯತ್ಯಾಸ ಅರ್ಥವನ್ನೇ ತಿರುಗಿಸುತ್ತದೆ. ನಮ್ಮಲ್ಲಿ ‘ಬಳಿ’ ಎಂದರೆ ಕೈಯ ಬಳೆ. ‘ನದಿಯ ಬಳಿ’ ಎಂದು ಪಾಠದಲ್ಲಿ ಓದಿದ ಹುಡುಗಿಯೊಬ್ಬಳು ನದಿಗೆ ಬಳೆ ತೊಡಿಸಿದವರು ಯಾರು ಎಂದು ಕೇಳಿದ್ದಳು.

ಕೇಳಿದ್ದನ್ನು ಕೇಳಿದಂತೆಯೇ ಬರೆಯುವ ಈ ನಿಷ್ಠೆ ಗಣಿತದಲ್ಲಿಯೂ ಕಾಣುತ್ತದೆ. ‘ನೂರಾ ಐದು’ ಬರೆ ಎಂದರೆ ಮಗು 1005 ಎಂದು ಬರೆಯುತ್ತದೆ. ನೂರನ್ನು 100 ಎಂದು ಬರೆದು, ಪಕ್ಕದಲ್ಲಿ 5 ಇಟ್ಟಿದೆ. ಸ್ಥಾನಬೆಲೆ ಎಂಬುದು ಮಾತಿನಲ್ಲಿಲ್ಲದ, ಬರಹಕ್ಕೆ ಮಾತ್ರ ಇರುವ ಏರ್ಪಾಡು ಎಂಬುದನ್ನು ಅದಕ್ಕೆ ಇನ್ನೂ ಯಾರೂ ತೋರಿಸಿಲ್ಲ.

ಅಕ್ಷರ, ಗುಣಿತ, ಒತ್ತು ಎಲ್ಲ ಬಂದ ಮೇಲೆಯೂ ವೇಗ ಎಂಬ ಇನ್ನೊಂದು ಮೆಟ್ಟಿಲು ಉಳಿಯುತ್ತದೆ. ಒಂದೊಂದು ಅಕ್ಷರಕ್ಕೂ ಮನಸ್ಸನ್ನೆಲ್ಲ ಸುರಿಯಬೇಕಾದ ಮಗು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭವನ್ನು ಮರೆತಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 2021ರ ಜುಲೈನಲ್ಲಿ ಆರಂಭವಾದ ಕೇಂದ್ರ ಸರಕಾರದ ನಿಪುಣ್ ಭಾರತ್ ಯೋಜನೆ ಇದಕ್ಕೆ ಅಳತೆಗಳನ್ನು ನಿಗದಿ ಮಾಡಿತು: ಎರಡನೆಯ ತರಗತಿಯ ಕೊನೆಗೆ ಅರ್ಥ ಸಹಿತ ನಿಮಿಷಕ್ಕೆ 45ರಿಂದ 60 ಪದ, ಮೂರನೆಯ ತರಗತಿಯ ಕೊನೆಗೆ ಕನಿಷ್ಠ 60 ಪದ. ಪದಗಳನ್ನು ಎಣಿಸುವ ಈ ಅಳತೆ ಕನ್ನಡಕ್ಕೆ ಹಾಗೆಯೇ ಹೊಂದುವುದಿಲ್ಲ. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ನಮಗೆ ಒಂದೇ ಪದ; ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಪದಗಳು ಬೇಕು. 2022ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 20 ಭಾಷೆಗಳಲ್ಲಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಭಾಷೆ ಭಾಷೆಗೂ ಬೇರೆ ಬೇರೆ ಮಾನದಂಡ ಬೇಕೆಂಬುದನ್ನು ಒಪ್ಪಿಕೊಂಡಿತು. ಗಡಿಯಾರ ಹಿಡಿದು ಓದಿಸುವ ಶಿಕ್ಷಕರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಮಗು ಓಡುತ್ತದೆ, ಓದುವುದಿಲ್ಲ.

ಹೀಗಿದ್ದೂ ನಾಲ್ಕನೆಯ ತರಗತಿಗೆ ಬಂದಾಗ ಅಕ್ಷರಗಳಲ್ಲಿಯೇ ಉಳಿದ ಮಕ್ಕಳು ಪ್ರತಿ ಶಾಲೆಯಲ್ಲಿಯೂ ಇರುತ್ತಾರೆ. ಅಲ್ಲಿಯವರೆಗೆ ಓದಲು ಕಲಿಯುವ ಹಂತವಾದರೆ, ಅಲ್ಲಿಂದ ಮುಂದೆ ಕಲಿಯಲು ಓದುವ ಹಂತ. ಪರಿಸರ ಅಧ್ಯಯನವೂ ಗಣಿತದ ಲೆಕ್ಕಗಳೂ ಓದಿನ ಮೂಲಕವೇ ಬರುವುದರಿಂದ ಓದು ಬಾರದ ಮಗುವಿಗೆ ಎಲ್ಲ ವಿಷಯಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಅಂಥವರಿಗಾಗಿ ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ‘ಓದು ಕರ್ನಾಟಕ’ ಎಂಬ ಕಾರ್ಯಕ್ರಮ ಬಂದಿತು. ಅದರ ತಿರುಳು ಹೊಸದೇನಲ್ಲ: ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದಿಸಿ, ಅಕ್ಷರದ ಮಟ್ಟ, ಪದದ ಮಟ್ಟ, ವಾಕ್ಯದ ಮಟ್ಟ, ಕಥೆಯ ಮಟ್ಟ ಎಂದು ಗುರುತಿಸಿ, ತರಗತಿಯನ್ನು ಮರೆತು ಮಟ್ಟದ ಪ್ರಕಾರ ಗುಂಪು ಮಾಡಿ, ದಿನಕ್ಕೆ ನಿಗದಿತ ಸಮಯ ಅದೇ ಮಟ್ಟದಿಂದ ಕಲಿಸುವುದು. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ರೂಢಿಸಿದ ಈ ಮಟ್ಟಾನುಸಾರ ಬೋಧನೆಯ ಹಿಂದಿನ ಪ್ರಯೋಗಗಳನ್ನು ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. 2019ರಲ್ಲಿ ಮೈಕೆಲ್ ಕ್ರೆಮರ್ ಅವರೊಂದಿಗೆ ಇವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ನಮ್ಮ ಶಾಲೆಗಳಲ್ಲಿ ಈ ಕೆಲಸದ ಕಠಿಣ ಭಾಗ ಗುಂಪು ಮಾಡುವುದಲ್ಲ. ಐದನೆಯ ತರಗತಿಯ ಹುಡುಗನೊಬ್ಬ ‘ರ ಗ ಸ ದ ಅ’ದ ಗುಂಪಿನಲ್ಲಿ ಕೂರಲು ಪಡುವ ನಾಚಿಕೆಯನ್ನು ಕಳೆಯುವುದು ಕಠಿಣ. ಅವನಿಗೆ ಬಾಲಪಾಠದ ಅಗಸನ ಬದಲು ಬಸ್ಸಿನ ಫಲಕ, ಬೀಜದ ಚೀಲದ ಮೇಲಿನ ಬರಹ, ಜಾತ್ರೆಯ ಕರಪತ್ರ ಕೊಟ್ಟರೆ ಅರ್ಧ ನಾಚಿಕೆ ಅಲ್ಲಿಯೇ ಇಳಿಯುತ್ತದೆ.

ಮನೆಯಲ್ಲಿ ಪಾಲಕರು ಮಾಡಬಹುದಾದದ್ದೂ ಇದಕ್ಕಿಂತ ಬೇರೆಯಲ್ಲ. ‘ಕಾಗುಣಿತ ಹತ್ತು ಸಲ ಬರಿ’ ಎನ್ನುವ ಬದಲು, ಮಗು ಹಿಂದೆ ನೋಡಿರದ ಯಾವುದಾದರೂ ನಾಲ್ಕು ಸಾಲನ್ನು ದಿನವೂ ಓದಿಸಿ ಕೇಳಬೇಕು. ಲಗ್ನಪತ್ರಿಕೆಯಾದರೂ ಆದೀತು, ಅದರಲ್ಲಿ ಒತ್ತಕ್ಷರಗಳಿಗೆ ಬರವಿಲ್ಲ. ಪಾಠದ ಪುಸ್ತಕದಿಂದ ಓದಿಸಿದರೆ ಬಾಯಿಪಾಠವಾದದ್ದು ಓದಿನ ವೇಷ ತೊಟ್ಟು ಬರುತ್ತದೆ. ತಡವರಿಸಿದೊಡನೆ ಬಾಯಿ ಹಾಕಬಾರದು. ಎರಡು ಮೂರು ಉಸಿರು ಕಾದರೆ ಬಹಳ ಸಲ ಮಗುವೇ ತಿದ್ದಿಕೊಳ್ಳುತ್ತದೆ, ಹಾಗೆ ತಾನೇ ತಿದ್ದಿಕೊಂಡದ್ದು ಉಳಿಯುತ್ತದೆ. ಅವ್ವನಿಗೆ ಓದಲು ಬರುವುದಿಲ್ಲ ಎಂಬುದು ಅಡ್ಡಿಯಲ್ಲ: ‘ಏನ್ ಓದಿದಿ, ನನಗ ಹೇಳು’ ಎಂದು ಕೇಳಲು ಅಕ್ಷರ ಬೇಕಿಲ್ಲ, ಆ ಪ್ರಶ್ನೆಯೇ ಗಾಫ್ ಮತ್ತು ಟನ್ಮರ್ ಹೇಳಿದ ಎರಡನೆಯ ಶಕ್ತಿಯ ಅಭ್ಯಾಸ.

ಒಂದು ಸಂಗತಿ ಮಾತ್ರ ಅಭ್ಯಾಸದಿಂದ ಸರಿಹೋಗುವುದಿಲ್ಲ. ‘ದ’ ಮತ್ತು ‘ಧ’ದ ನಡುವಿನ ವ್ಯತ್ಯಾಸ ಒಂದು ಸಣ್ಣ ಹೊಟ್ಟೆಸೀಳು, ‘ಪ’ ಮತ್ತು ‘ಷ’ದ ನಡುವೆ ಇರುವುದು ಒಳಗಿನ ಒಂದು ಗೆರೆ. ಹಲಗೆಯ ಮೇಲೆ ಇವುಗಳನ್ನು ಪದೇ ಪದೇ ತಪ್ಪಾಗಿ ಓದುವ, ಆದರೆ ಕೈಯಲ್ಲಿ ಕಾರ್ಡು ಕೊಟ್ಟಾಗ ಸರಿಯಾಗಿ ಓದುವ ಮಗುವಿನ ತೊಂದರೆ ಓದಿನದಲ್ಲ, ಕಣ್ಣಿನದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಅಂಥ ಮಕ್ಕಳ ಹೆಸರನ್ನು ಮೊದಲೇ ಬರೆದಿಟ್ಟು ಕೊಡಬೇಕು. ತಂಡ ಬರುವುದು ತಡವಾದರೆ ಅಲ್ಲಿಯವರೆಗೆ ಮಗುವನ್ನು ಹಲಗೆಯ ಹತ್ತಿರದ ಮೊದಲ ಸಾಲಿನಲ್ಲಿ ಕೂರಿಸಬಹುದು. ಅಷ್ಟರಿಂದಲೇ ‘ಷ’ ಸರಿಯಾಗಿಬಿಟ್ಟರೆ ಕನ್ನಡಕ ಬೇಕೆಂಬುದು ಬಹುಮಟ್ಟಿಗೆ ಖಚಿತವಾದಂತೆಯೇ.